ಬಾಯಲ್ಲಿ ಸೂರತ್ತಿನ ಘಾರಿ

ಮೊನ್ನೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿದೆ. ಅಂದಿನಿಂದ ಅದರ ಸೀಟಿಯ ದನಿಯೇ ಬದಲಾಗಿದೆ. ಮೊದಲು ದಮ್ಮು ಹತ್ತಿದವರ ಹಾಗೆ ಸುಂಯ್‌ಗುಡುತ್ತಿದ್ದದ್ದು ಈಗ ಚೂಪಾಗಿ, ಉದ್ದಕ್ಕೆ ಕೂಗಿ ಪಟ್ಟನೆ ನಿಲ್ಲುತ್ತದೆ. ಥೇಟು ಫುಟ್‌ಬಾಲ್ ರೆಫರಿಯ ಸೀಟಿ. ಬೇಳೆ ಬೆಂದಿತಲ್ಲ ಎಂದು ಸಮಾಧಾನಪಡುವುದು ಬಿಟ್ಟು ನಾನು ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಕಿವಿಯ ತುದಿಯವರೆಗೂ ಬಿಸಿಯೇರುತ್ತದೆ. ಒಲೆಯ ಝಳ ಎಂದು ನೀವು ಅಂದುಕೊಂಡರೆ ನನಗೆ ಒಳ್ಳೆಯದೇ. ಆದರೆ ಅದು ಒಲೆಯದಲ್ಲ, ಈ ಚಳಿಗಾಲದಲ್ಲಿ ವಡೋದರಾದ ಮೈದಾನವೊಂದರಲ್ಲಿ ನಾನು ಮಾಡಿಕೊಂಡು ಬಂದದ್ದರ ಝಳ.

ಫುಟ್‌ಬಾಲಿಗೂ ನನಗೂ ಇರುವ ನಂಟನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ಧಾರವಾಡದಲ್ಲಿ ನಮ್ಮ ಅಣ್ಣ ಓಣಿಯ ಹುಡುಗರನ್ನು ಕಟ್ಟಿಕೊಂಡು ರಬ್ಬರ್ ಚೆಂಡಿನಲ್ಲಿ ಆಡುತ್ತಿದ್ದ. ಗೋಲಿನ ಒಂದು ಬದಿಗೆ ಕಲ್ಲು ಇಡುತ್ತಿದ್ದರು. ಇನ್ನೊಂದು ಬದಿಗೆ ಕಲ್ಲು ಸಿಗದಿದ್ದರೆ ನನ್ನನ್ನು ನಿಲ್ಲಿಸುತ್ತಿದ್ದರು. ‘ಅಲ್ಲಾಡಬ್ಯಾಡ’ ಎಂಬುದೊಂದೇ ನನಗೆ ಇದ್ದ ನಿಯಮ. ಚೆಂಡು ಮೊಣಕಾಲಿಗೆ ಬಡಿದರೂ ನಾನು ಅಲ್ಲಾಡುತ್ತಿರಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ‘ನಾನೂ ಆಡಿದೆ’ ಎಂದು ಹೇಳಿಕೊಳ್ಳುತ್ತಿದ್ದೆ. ಆ ಆಟದ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ, ಅದು ಆಮೇಲೂ ಬೆಳೆಯಲಿಲ್ಲ.

ಇಂಥವಳ ಹೊಟ್ಟೆಯಲ್ಲಿ ಮೇಧಾ ಹುಟ್ಟಿದಳು. ನಮ್ಮವರಿಗೆ ಕೇಂದ್ರ ಸರ್ಕಾರದ ನೌಕರಿ. ವರ್ಗವಾಗಿ ಅಹಮದಾಬಾದಿಗೆ ಬಂದು ಚಾಂದ್‌ಖೇಡಾದಲ್ಲಿ ಮನೆ ಮಾಡಿದಾಗ ಮಗಳು ಇನ್ನೂ ಅಂಗನವಾಡಿ ವಯಸ್ಸಿನವಳು. ಎದುರಿನ ಕ್ವಾರ್ಟರ್ಸಿನ ಮೈದಾನದಲ್ಲಿ ಚೆಂಡಿನ ಹಿಂದೆ ಓಡಲು ಶುರುಮಾಡಿದವಳು ಕಾಲೇಜಿಗೆ ಬಂದರೂ ನಿಲ್ಲಿಸಲಿಲ್ಲ. ಕನ್ನಡ ಅವಳಿಗೆ ಅಡುಗೆಮನೆಯ ಭಾಷೆ. ಉಪ್ಪು, ನೀರು, ಹಸಿವು, ಬೈಗುಳ ಇವಿಷ್ಟಕ್ಕೆ ಸಾಕಾಗುವಷ್ಟು. ಉಳಿದದ್ದಕ್ಕೆಲ್ಲ ಹಿಂದಿ, ಗುಜರಾತಿ.

ಅವಳ ಕಾಲುಗಳ ಮೇಲೆ ಯಾವಾಗಲೂ ನೀಲಿ ಕಲೆಗಳು. ಬಿಸಿಲಿಗೆ ಮೊಣಕಾಲಿನ ಕೆಳಗೊಂದು ಬಣ್ಣ, ಮೇಲೊಂದು ಬಣ್ಣ. ಹುಬ್ಬಳ್ಳಿಯಲ್ಲಿ ಯಾರದಾದರೂ ಮದುವೆಗೆ ಹೋದರೆ ಆ ಕಾಲುಗಳನ್ನು ಮುಚ್ಚಿಸುವುದೇ ನನಗೆ ದೊಡ್ಡ ಕೆಲಸ. ಅವಳು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಾಗ ಸಲ್ವಾರ್ ಸ್ವಲ್ಪ ಮೇಲೆ ಸರಿದರೂ ನಾನು ಎರಡು ಎಲೆಯಾಚೆಯಿಂದ ಕಣ್ಣು ಮಾಡುತ್ತಿದ್ದೆ. ‘ಏನ ಆಡ್ತಾಳವಾ ನಿನ್ನ ಮಗಳು?’ ಎಂದು ಯಾರಾದರೂ ಕೇಳಿದರೆ ‘ಏನೋ ವ್ಯಾಯಾಮಕ್ಕಂತ ಹೋಗ್ತಾಳ್ರಿ’ ಎಂದು ಸಾರು ಬಡಿಸುವವರನ್ನು ಕರೆಯುತ್ತಿದ್ದೆ.

ಹೀಗಿರುವಾಗ ಅವಳ ಕಾಲೇಜಿನ ತಂಡ ಗೆಲ್ಲತೊಡಗಿತು. ಪತ್ರಿಕೆಯಲ್ಲಿ ಫೋಟೋ ಬಂತು. ಹಿಂದಿನ ಸಾಲಿನಲ್ಲಿ, ಎಡದಿಂದ ಎರಡನೆಯವಳು ನನ್ನ ಮಗಳು. ನೀವು ನಂಬುವುದಿಲ್ಲ, ಒಂದೇ ಬೆಳಗಿನಲ್ಲಿ ನಾನು ಕ್ರೀಡಾಪ್ರೇಮಿಯಾದೆ. ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿಗೆ ಫೋಟೋ ಹಾಕಿ, ‘ಸಣ್ಣಾಕಿ ಇದ್ದಾಗಿಂದ ನಾವೇ ಪ್ರೋತ್ಸಾಹ ಮಾಡೇವಿ’ ಎಂದು ಬರೆದೆ. ಅದನ್ನು ಓದಿದ ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

ಸೆಮಿಫೈನಲ್ ವಡೋದರಾದಲ್ಲಿ, ಸೂರತ್ತಿನ ಕಾಲೇಜಿನ ಎದುರಿಗೆ ಎಂದು ಗೊತ್ತಾಯಿತು. ಈ ಎರಡು ತಂಡಗಳಿಗೂ ಹಳೆಯ ಹಗೆ. ವರ್ಷವೂ ಲೀಗಿನಲ್ಲಿ ಒಂದೇ ಗುಂಪಿನಲ್ಲಿ ಬೀಳುತ್ತವೆ, ಒಬ್ಬರು ಇನ್ನೊಬ್ಬರ ದಾರಿಗೆ ಅಡ್ಡ ಬರುತ್ತಾರೆ. ಹೋದ ವರ್ಷ ಇದೇ ಹಂತದಲ್ಲಿ ಸೂರತ್ತಿನವರ ಕೈಯಲ್ಲಿ ಸೋತು ಬಂದ ಮೇಧಾ ಎರಡು ಹೊತ್ತು ಊಟ ಮಾಡಿರಲಿಲ್ಲ. ಆಗ ನಾನು ‘ಆಟ ತಾನ’ ಎಂದಿದ್ದೆ. ಈ ಸಲ ನಾನೇ ಟೆಂಪೋ ಟ್ರಾವೆಲರ್ ಗೊತ್ತುಮಾಡಿದೆ.

ಅಹಮದಾಬಾದಿನದೇ ಬೋಪಾಲ್ ಬಡಾವಣೆಯಲ್ಲಿರುವ ಶೈಲಕ್ಕ ನನ್ನ ಬಲಗೈ. ಬಾಗಲಕೋಟೆಯವರು, ಗಂಡ ವಿಮೆ ಕಂಪನಿಯಲ್ಲಿ. ಬಳಗದಲ್ಲಿ ಗಣಪತಿ ಕೂಡಿಸುವುದರಿಂದ ಹಿಡಿದು ಯಾರದೇ ಮನೆಯ ಬಾಣಂತನದವರೆಗೆ ಅವರಿಲ್ಲದೆ ಏನೂ ಆಗದು. ಅವರು ಮಂದಿ ಕೂಡಿಸಿದರು, ನಾನು ಚುರುಮುರಿ, ಹಚ್ಚಿದ ಅವಲಕ್ಕಿ ಕಟ್ಟಿದೆ. ನಮ್ಮವರ ಕೈಯಲ್ಲಿ ಹಳೆಯ ಬೆಡ್‌ಶೀಟಿನ ಮೇಲೆ ಕೆಂಪು ಬಣ್ಣದಲ್ಲಿ ‘ಮೇಧಾ ನಮ್ಮ ಹೆಮ್ಮೆ’ ಎಂದು ಬರೆಸಿದೆ.

ತಂಡದ ಜೊತೆ ಮೊದಲೇ ಹೋಗಿದ್ದ ಮಗಳು ಫೋನಿನಲ್ಲಿ ಅಂಗಲಾಚಿದಳು. ‘ಮಮ್ಮಿ, ಪ್ಲೀಸ್ ಯಾರ್, ನೀನು ಬಾ, ಪಪ್ಪಾ ಬರಲಿ. ಪೂರಾ ಬಸ್ ಯಾಕೆ? ಔರ್ ಬ್ಯಾನರ್ ಮತ್ ಲಾನಾ, ಬ್ಯಾನರ್ ಬೇಡ.’

‘ನಿನಗ ನಾಚಿಕಿ ಏನು, ನಮ್ಮ ಹೆಮ್ಮಿ ತೋರಸ್ಲಿಕ್ಕೆ?’ ಎಂದೆ.

‘ನನಗೆ ಇಲ್ಲ ಮಮ್ಮಿ. ಆಮೇಲೆ ನಿನಗೇ ಆಗುತ್ತೆ’ ಎಂದಳು. ಇಂದಿನ ಮಕ್ಕಳ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈದಾನ ತಲುಪಿದಾಗ ಸೂರತ್ತಿನವರು ಆಗಲೇ ಢೋಲು ತಂದು ಅರ್ಧ ಗ್ಯಾಲರಿ ಹಿಡಿದಿದ್ದರು. ನಾವು ಅವರ ಪಕ್ಕದಲ್ಲೇ, ನೆರಳು ಇದ್ದ ಕಡೆ, ಜಮಖಾನ ಹಾಸಿಕೊಂಡು ಕೂತೆವು. ಆಟ ಶುರುವಾಯಿತು. ಮೇಧಾಳದು ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಜಾಗ. ನನಗೆ ಅವಳ ಬೆನ್ನು, ಕೂದಲಿನ ಜುಟ್ಟು ಮಾತ್ರ ಕಾಣುತ್ತಿತ್ತು. ಯಾರು ಚೆಂಡು ಒದ್ದರೂ ನಾನು ಚಪ್ಪಾಳೆ ತಟ್ಟಿದೆ. ಸೂರತ್ತಿನವರಿಗೆ ಕಾರ್ನರ್ ಸಿಕ್ಕಾಗ ಎಲ್ಲರಿಗಿಂತ ಜೋರಾಗಿ ತಟ್ಟಿದೆನಂತೆ. ನಮ್ಮವರು ಮೆಲ್ಲಗೆ ಮೊಣಕೈ ತಿವಿದರು.

‘ನಮ್ಮ ಗೋಲು ಯಾವುದ್ರಿ?’ ಶೈಲಕ್ಕ ಕೇಳಿದರು.

‘ಎಡಗಡೆದು ನಮ್ಮದು, ಬಲಗಡೆದು ಅವರದು. ಬಲಗಡೆ ಹೊಡದ್ರ ನಮಗ ಗೋಲು’ ಎಂದು ನಮ್ಮವರು ಎಲ್ಲರಿಗೂ ವಿವರಿಸಿದರು. ಬಳಗದವರೆಲ್ಲ ಎಡ, ಬಲ ಎಂದು ಮಕ್ಕಳ ಹಾಗೆ ಬಾಯಿಪಾಠ ಮಾಡಿಕೊಂಡರು.

ಮಧ್ಯಂತರದವರೆಗೆ ಯಾರೂ ಗೋಲು ಹೊಡೆಯಲಿಲ್ಲ. ಚುರುಮುರಿ ಹಂಚಿದೆ. ಪಕ್ಕದ ಸೂರತ್ತಿನವರಿಗೂ ಕೊಟ್ಟೆ. ಅಲ್ಲಿ ದಪ್ಪ ಮೀಸೆಯ ಒಬ್ಬ ಕಾಕಾ ಇದ್ದರು, ಢೋಲು ಬಡಿಯುತ್ತಿದ್ದವರು ಅವರೇ. ‘ತೀಖುಂ ಛೇ, ಪಣ್ ಸರಸ್ ಛೇ’ ಎಂದರು. ಖಾರ ಇದೆ, ಆದರೆ ಚೆನ್ನಾಗಿದೆ ಎಂದು. ಮತ್ತೆ ಆಟ ಶುರುವಾದಾಗ ನಮ್ಮವರು ನನಗೆ ಏನೋ ಹೇಳಲು ಬಂದರು. ‘ಈಗ ಸೈಡ್ ಬದಲಾಗ್ಯದ, ನೋಡು...’

‘ಸುಮ್ಮ ಕೂಡ್ರಿ, ಆಟ ನೋಡ್ಲಿಕ್ಕೆ ಬಿಡ್ರಿ’ ಎಂದು ಗದರಿದೆ. ಅವರು ಬಾಯಿ ಮುಚ್ಚಿಕೊಂಡು ಚಹಾ ತರಲು ಹೋದರು. ವಿರಾಮದ ನಂತರ ತಂಡಗಳು ಕಡೆ ಬದಲಾಯಿಸುತ್ತವೆ ಎಂಬುದು ಇಡೀ ಮೈದಾನದಲ್ಲಿ ನಮ್ಮ ಜಮಖಾನದ ಮೇಲೆ ಕೂತವರಿಗೆ ಮಾತ್ರ ಗೊತ್ತಿರಲಿಲ್ಲ.

ಆಟ ಮುಗಿಯುತ್ತ ಬಂದಿತ್ತು. ಸೂರತ್ತಿನ ಹುಡುಗಿಯೊಬ್ಬಳು ಮೂಲೆಯಿಂದ ಚೆಂಡನ್ನು ಎತ್ತಿ ಒದ್ದಳು. ಬಲಗಡೆಯ ಗೋಲಿನ ಮುಂದೆ ದೊಡ್ಡ ಗುಂಪು. ಆ ಗುಂಪಿನ ಮೇಲೆ ನನ್ನ ಮಗಳ ಜುಟ್ಟು ಎದ್ದದ್ದು ಕಂಡಿತು. ತಲೆಯಿಂದ ಚೆಂಡನ್ನು ಹೊಡೆದಳು. ಚೆಂಡು ಬಲೆಯೊಳಗೆ ಹೋಗಿ ಬಿತ್ತು.

‘ಗೋಲ್! ಮೇಧಾ ಹೊಡದ್ಲು!’ ಎಂದು ನಾನು ಹಾರಿದೆ. ನನ್ನ ಹಿಂದೆ ಇಡೀ ಬಳಗ ಹಾರಿತು. ಬ್ಯಾನರು ಎದ್ದಿತು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಶೈಲಕ್ಕನ ಕೈಯಲ್ಲಿ. ಸೂರತ್ತಿನವರ ಢೋಲು ಮೊಳಗಿತು. ಅವರ ಪೆಟ್ಟಿಗೆ ತಕ್ಕಂತೆ ನಾವು ಕುಣಿದೆವು. ಎದುರಾಳಿಗಳಾದರೂ ಎಷ್ಟು ದೊಡ್ಡ ಮನಸ್ಸು, ನಮ್ಮ ಗೋಲಿಗೆ ಅವರೂ ಕುಣಿಯುತ್ತಾರಲ್ಲ ಎಂದು ನನಗೆ ಕಣ್ಣೀರೇ ಬಂತು. ಮೀಸೆಯ ಕಾಕಾ ಓಡಿ ಬಂದು ಡಬ್ಬಿ ತೆರೆದು ‘ಬೇನ್, ಮೋಂ ಮೀಠುಂ ಕರೋ’, ಅಕ್ಕ, ಬಾಯಿ ಸಿಹಿ ಮಾಡಿಕೊಳ್ಳಿ ಎಂದು ಒಂದು ಘಾರಿ ಕೈಗಿಟ್ಟರು. ತುಪ್ಪ ಸುರಿಯುವ ಸೂರತ್ತಿನ ಸಿಹಿ. ಪೂರ್ತಿ ಬಾಯಿಗೆ ತುಂಬಿಕೊಂಡೆ.

ಆಗ ನಮ್ಮವರು ಚಹಾದ ಲೋಟಗಳ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತದ್ದು ಕಂಡಿತು. ಅವರ ಮುಖದ ಬಣ್ಣ ಇಳಿದಿತ್ತು.

‘ಕೆಳಗ ಇಳಸ್ರಿ ಅದನ್ನ’ ಎಂದರು.

‘ಯಾಕ? ನಮ್ಮ ಹುಡುಗಿ...’ ಘಾರಿ ತುಂಬಿದ ಬಾಯಲ್ಲೇ ಕೇಳಿದೆ.

‘ನಮ್ಮ ಹುಡುಗಿನ ಹೊಡದಾಳ. ನಮ್ಮ ಗೋಲಿನಾಗ ಹೊಡದಾಳ. ಸೆಲ್ಫ್ ಗೋಲು.’

ಮೈದಾನದ ಕಡೆ ನೋಡಿದೆ. ಮೇಧಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ. ಅವಳು ನೋಡುತ್ತಿದ್ದದ್ದು ನಮ್ಮ ಕಡೆಗೆ, ಅಂದರೆ ಕೆಂಪು ಅಕ್ಷರದ ಬೆಡ್‌ಶೀಟಿನ ಕಡೆಗೆ. ಪುಣ್ಯಕ್ಕೆ ಅದು ಕನ್ನಡದಲ್ಲಿತ್ತು, ಉಳಿದವರಿಗೆ ಓದಲು ಬರುತ್ತಿರಲಿಲ್ಲ. ಅವಳಿಗೂ ಕನ್ನಡ ಓದಲು ಅಷ್ಟಾಗಿ ಬಾರದು, ಆದರೆ ತನ್ನ ಹೆಸರು ಬರುತ್ತದೆ.

ಬಾಯಲ್ಲಿದ್ದ ಘಾರಿಯನ್ನು ನುಂಗಲು ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬ್ಯಾನರಿನ ತುದಿ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲಿಂದ ಹೊರಟೆ. ಶೈಲಕ್ಕ ಏನೋ ಕೂಗಿದರು. ನಾನು ನಿಲ್ಲಲಿಲ್ಲ. ಮೆಟ್ಟಿಲಿಳಿದು ಗ್ಯಾಲರಿಯ ಕೆಳಗೆ ಹೋದೆ. ಅಲ್ಲಿ ಮುರಿದ ಕುರ್ಚಿಗಳು, ಸುತ್ತಿಟ್ಟ ಬಲೆ, ಸುಣ್ಣದ ಚೀಲಗಳಿದ್ದವು. ಸುಣ್ಣದ ಚೀಲದ ಮೇಲೆ ಕೂತೆ.

ನನಗೆ ಯಾವುದಕ್ಕೆ ಹೆಚ್ಚು ನಾಚಿಕೆಯಾಗಿತ್ತು ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಕುಣಿದದ್ದಕ್ಕೆ ಎಂದು ಹೇಳಲು ಇಷ್ಟ. ಆದರೆ ನಿಜ ಅದಲ್ಲ. ಅಲ್ಲಿ ಕೂತಾಗ ನನ್ನ ತಲೆಯಲ್ಲಿದ್ದದ್ದು, ಬಸ್ಸು ಮಾಡಿ ಮಂದಿಯನ್ನು ಕರೆದುಕೊಂಡು ಬಂದೆನಲ್ಲ, ಇವಳು ಎಲ್ಲರ ಮುಂದೆ ಹೀಗೆ ಮಾಡಿದಳಲ್ಲ ಎಂಬುದು. ಮಗಳ ಮೇಲೆ ನನಗೆ ಸಿಟ್ಟು ಬಂದಿತ್ತು. ಒಬ್ಬಳೇ ನಿಂತಿದ್ದ ಹುಡುಗಿಯ ಮೇಲೆ.

ನಮ್ಮ ಅಪ್ಪ ನೆನಪಾದರು. ಓಣಿಯ ಗಣಪತಿಯ ಮುಂದೆ ಒಮ್ಮೆ ಹಾಡಲು ನಿಂತಿದ್ದೆ. ಎರಡನೇ ಸಾಲಿಗೆ ಮರೆತುಹೋಯಿತು. ಎಲ್ಲರೂ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಪ್ಪನ ಗಂಟಲು: ‘ಬಾಯಿಗೆ ಬಂದದ್ದು ಹಾಡವಾ, ಗಣಪತಿ ಏನು ಪುಸ್ತಕ ಹಿಡಕೊಂಡು ಕೂತಾನೇನು?’ ಇಡೀ ಪೆಂಡಾಲು ನಕ್ಕಿತು. ನಾನು ಅಳುತ್ತ ಇಳಿದು ಬಂದೆ. ಮಂದಿಯ ನಡುವೆ ಹಾಗೆ ಕೂಗುವ ಅಪ್ಪ ನನಗಿದ್ದಾರಲ್ಲ ಎಂದು ಎಷ್ಟೋ ವರ್ಷ ಮುಜುಗರಪಟ್ಟಿದ್ದೇನೆ. ಆದರೆ ಅವರು ಎದ್ದು ಹೋಗಿರಲಿಲ್ಲ. ನಾನು ಇಳಿದು ಬರುವಾಗ ಕೈ ಚಾಚಿಕೊಂಡೇ ಕೂತಿದ್ದರು. ಅದು ನನಗೆ ಹೊಳೆದದ್ದು ವಡೋದರಾದಲ್ಲಿ, ಸುಣ್ಣದ ಚೀಲದ ಮೇಲೆ.

ಹೊಳೆದ ಮೇಲಾದರೂ ಎದ್ದು ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಮೇಲೆ ಕಾಲುಗಳ ಸದ್ದು, ಢೋಲು, ಆಗಾಗ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು. ಒಮ್ಮೆ ಗ್ಯಾಲರಿಯೇ ಕಿತ್ತು ಬರುವಂಥ ಕೂಗು ಎದ್ದಿತು. ಮತ್ತೊಂದು ಗೋಲಾಯಿತೇನೋ, ಅದೂ ಇವಳಿಂದಲೇ ಏನೋ ಎಂದು ಕಿವಿ ಮುಚ್ಚಿಕೊಂಡೆ. ಕೊನೆಗೆ ಉದ್ದನೆಯ ಸೀಟಿ ಕೇಳಿಸಿತು.

ನನ್ನನ್ನು ಹುಡುಕಿದವರು ಶೈಲಕ್ಕ. ಬಗ್ಗಿ ನೋಡಿದರು. ಅವರ ಮುಖ ಕೆಂಪಾಗಿತ್ತು.

‘ಅಯ್ಯ, ಇಲ್ಲೆ ಕೂತೀಯೇನ? ನಾ ಎಲ್ಲಾ ಕಡೆ ಹುಡಕ್ಲಿಕತ್ತೇನಿ. ನಿನ್ನ ಮಗಳ ಆಟ ನೋಡಿಲ್ಲೇನು?’

‘ನೋಡಿದ್ನಲ್ರಿ. ಮಾನ ಹೋತು.’

‘ಅದಲ್ಲವಾ! ಆಮೇಲಿಂದು! ಆ ಗೋಲು ಆದ ಮ್ಯಾಲ ಆ ಹುಡುಗಿಗೆ ಏನು ಬಂದಿತ್ತೋ ಏನೋ. ಸೂರತ್ತಿನವರು ಮತ್ತ ಗೋಲಿನ ಕಡೆ ಹೊಡದ್ರು. ಗೋಲ್‌ಕೀಪರು ಬಿದ್ದಿದ್ಲು, ಗೋಲು ಖಾಲಿ. ನಿನ್ನ ಮಗಳು ಅಲ್ಲಿಂದ ಓಡಿ ಬಂದು ಗೆರಿ ಮ್ಯಾಲಿಂದ ಚೆಂಡು ಹೊರಗ ಹಾಕಿದ್ಲು. ತಾನು ಹೋಗಿ ಕಂಬಕ್ಕ ಬಡದ್ಲು. ಎದ್ದು ಮತ್ತ ಓಡಿದ್ಲು. ಸೂರತ್ತಿನವರೂ ಎದ್ದು ನಿಂತು ಚಪ್ಪಾಳಿ ಹೊಡದ್ರಲ್ಲ. ಆ ಮೀಸಿ ಮನುಷ್ಯಾ ಢೋಲು ಬಿಟ್ಟು ನಿಂತಿದ್ದ. ನೀ ಇಲ್ಲೆ ಕೂತಿದ್ದಿ!’

ನಮ್ಮ ತಂಡ ಆ ಒಂದೇ ಗೋಲಿನಿಂದ ಸೋತಿತ್ತು.

ಹೊರಗೆ ಟೆಂಪೋದ ಬಳಿ ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ನಿಂತಿದ್ದರು. ಮೇಧಾ ಬಂದಳು. ಮೊಣಕೈ ತರಚಿತ್ತು, ಹಣೆಯ ಮೇಲೊಂದು ಬುಗುಟು, ಕಣ್ಣು ಕೆಂಪು. ಬಳಗದವರಿಗೆಲ್ಲ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿದಳು. ಅಪ್ಪನ ಭುಜಕ್ಕೆ ಸ್ವಲ್ಪ ಹೊತ್ತು ತಲೆಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಮಮ್ಮಿ, ಲಾಸ್ಟ್ ವಾಲಾ ನೋಡಿದ್ಯಾ? ಲೈನ್ ಮೇಲಿಂದ ತೆಗೆದೆನಲ್ಲ, ಅದು?’

ಶೈಲಕ್ಕ ನನ್ನ ಬೆನ್ನಿಗೆ ಮೆಲ್ಲಗೆ ಬೆರಳು ಒತ್ತಿದರು. ಹ್ಞೂಂ ಅನ್ನು, ಎಂದು ಅದರ ಅರ್ಥ.

‘ಇಲ್ಲವಾ’ ಎಂದೆ. ‘ಕೆಳಗ ಹೋಗಿ ಕೂತಿದ್ದೆ.’

‘ಗೊತ್ತು’ ಎಂದಳು. ‘ಕಂಬಕ್ಕೆ ಹೊಡೆದು ಎದ್ದೆನಲ್ಲ, ಆಗ ಮೇಲೆ ನೋಡಿದೆ. ಶೈಲಾ ಆಂಟಿ ಇದ್ರು. ನೀನು ಇರಲಿಲ್ಲ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ರಾಂಗ್ ಗೋಲಿಗೆ ಡಾನ್ಸ್ ಮಾಡಿದ್ರಿ, ಅದು ಓಕೆ ಮಮ್ಮಿ. ಟೀಮ್‌ನಲ್ಲಿ ಎಲ್ಲರೂ ಹಸ್ ರಹೇ ಥೇ, ನನಗೂ ನಗು ಬಂತು. ಆದರೆ ನೀನು ಎದ್ದು ಹೋಗಬಾರದಿತ್ತು.’

ಇಷ್ಟು ಉದ್ದದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಅವಳು ತಂಡದ ಬಸ್ಸಿನ ಕಡೆ ನಡೆದಳು.

ನಮ್ಮ ಟೆಂಪೋ ಹೊರಟಿತು. ಗೇಟಿನ ತನಕ ಹೋಗುವಷ್ಟರಲ್ಲಿ ನಾನು ‘ನಿಲ್ಲಸ್ರಿ’ ಎಂದೆ.

‘ಏನಾತು? ವಾಂತಿ ಬರ್ತದೇನು?’ ನಮ್ಮವರು ಕೇಳಿದರು.

‘ಇಲ್ಲ, ಇಳೀತೇನಿ. ನಾಳೆ ಸೋತವರದು ಮೂರನೇ ನಂಬರಿಗೆ ಇನ್ನೊಂದು ಆಟ ಅದಲ್ಲ.’

‘ಮೂರನೇ ನಂಬರಿನ ಆಟ ಯಾರು ನೋಡ್ತಾರ? ಬಟ್ಟಿಬರಿ ತಂದಿಲ್ಲ ನೀ.’

‘ನಾ ನೋಡ್ತೇನ್ರಿ.’

ಅವರು ನನ್ನ ಮುಖ ನೋಡಿದರು. ಆಮೇಲೆ ಫೋನ್ ತೆಗೆದು ಅದೇ ಊರಿನ ಅಲ್ಕಾಪುರಿಯಲ್ಲಿರುವ ತಮ್ಮ ಹಳೆಯ ಸಹೋದ್ಯೋಗಿಯ ಮನೆಗೆ ಹೇಳಿ, ತಾವು ಬಳಗದವರ ಜೊತೆ ಅಹಮದಾಬಾದಿಗೆ ಹೋದರು. ಆ ರಾತ್ರಿ ಸಹೋದ್ಯೋಗಿಯ ಹೆಂಡತಿಯ ನೈಟಿ ತೊಟ್ಟು, ಅವರ ಮನೆಯ ಖಿಚಡಿ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಗ್ಯಾಲರಿಯಲ್ಲಿ ಕಾಗೆಗಳು ನಮಗಿಂತ ಹೆಚ್ಚಿದ್ದವು. ಎದುರಿಗೆ ಭಾವನಗರದ ತಂಡ. ನಾನು ಹಿಂದಿನ ದಿನದ ಮುದುಡಿದ ಸೀರೆಯಲ್ಲೇ ನಡುಮಧ್ಯದಲ್ಲಿ, ಯಾರಿಗಾದರೂ ಕಾಣುವಂಥ ಜಾಗದಲ್ಲಿ ಕೂತೆ. ಸಂಜೆಯ ಫೈನಲ್ಲಿಗೆಂದು ಸೂರತ್ತಿನವರೂ ಅಲ್ಲಿಯೇ ಉಳಿದಿದ್ದರು. ಮೀಸೆಯ ಕಾಕಾ ನನ್ನನ್ನು ಕಂಡವರೇ ಹುರಿದ ಶೇಂಗಾದ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕೂತರು.

‘ಬೇನ್, ತಮೇ ಸೂರತನಾಂ ಛೋ ನೇ?’ ಎಂದರು. ನಿನ್ನೆಯಿಂದ ನನ್ನನ್ನು ತಮ್ಮೂರಿನವಳೆಂದೇ ತಿಳಿದಿದ್ದರು ಪಾಪ.

ಕಿವಿ ಬಿಸಿಯಾಯಿತು. ಮೇಲಕ್ಕೆದ್ದು ಬೇರೆ ಕಡೆ ಹೋಗಿ ಕೂರುವ ಹಾಗಾಯಿತು. ಏಳಲಿಲ್ಲ. ಮೈದಾನದ ಕಡೆ ಬೆರಳು ತೋರಿಸಿ, ನನ್ನ ಹರಕು ಗುಜರಾತಿಯಲ್ಲಿ ಹೇಳಿದೆ: ಇಲ್ಲ ಭಾಯಿ, ನಿನ್ನೆ ತನ್ನ ಗೋಲಿನಲ್ಲೇ ತಾನು ಹೊಡೆದಳಲ್ಲ, ನಿಮ್ಮನ್ನು ಗೆಲ್ಲಿಸಿದಳಲ್ಲ, ಆ ಹುಡುಗಿ ನನ್ನ ಮಗಳು.

ಕಾಕಾ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಬಾಯಿ ತೆರೆದರು, ಡಬ್ಬಿ ಹಿಡಿದು ಓಡಿ ಬಂದದ್ದು ನೆನಪಾಗಿರಬೇಕು, ತಮ್ಮ ಹಣೆ ತಾವೇ ಚಚ್ಚಿಕೊಂಡರು. ಅವರು ಪೊಟ್ಟಣವನ್ನು ನಮ್ಮಿಬ್ಬರ ನಡುವೆ ಇಟ್ಟರು.

ಸೀಟಿ ಆಯಿತು. ಮೇಧಾ ತನ್ನ ಜಾಗಕ್ಕೆ ಓಡುತ್ತ ಒಮ್ಮೆ ಗ್ಯಾಲರಿಯತ್ತ ನೋಡಿದಳು. ಹೆಜ್ಜೆ ಒಂದಿಷ್ಟು ತಪ್ಪಿತು. ಕೈಯೇನೂ ಬೀಸಲಿಲ್ಲ.

ಹುಡುಗಿಯರು ದಣಿದಿದ್ದರು. ಭಾವನಗರದವರು ಅವರನ್ನು ಮೈದಾನದ ತುಂಬ ಓಡಿಸಿದರು. ಮೂರು ಗೋಲು ಹೊಡೆಸಿಕೊಂಡು ಕೆಟ್ಟದಾಗಿ ಸೋತರು. ಮೂರನ್ನೂ ನೋಡಿದೆ.